ಮನೆ ಸಿಂಗಾರ: ಮೊದಲು ಯಾವುದಕ್ಕೆ ಕೈ ಹಾಕೋದು?

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಇರುವುದು ಮನೆಯೊಳಗಿನ ಅಲಂಕಾರದ ಬಗ್ಗೆ. ಬರೆದವರು ಹೆಚ್ಚುಕಡಿಮೆ ಎಲ್ಲರೂ ಮೊದಲ ಸಲ ಇದಕ್ಕೆ ಇಳಿದವರು. ಕೆಲವರು ಹೆಸರು ಹಾಕಬೇಡಿ ಎಂದಿದ್ದಾರೆ, ಹಾಗಾಗಿ ಊರಿನ ಹೆಸರು ಮಾತ್ರ ಕೊಟ್ಟಿದ್ದೇನೆ.

ಕಾವೂರಿನಿಂದ ಒಬ್ಬ ಓದುಗರು: ಅಕ್ಕಾ, ಕಳೆದ ತಿಂಗಳು ನಮ್ಮ ಹೊಸ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಕೀ ಸಿಕ್ಕಿತು. ಗೃಹಪ್ರವೇಶವೂ ಆಯ್ತು. ಒಳಗೆ ಒಂದು ಮಂಚ, ನಾಲ್ಕು ಪ್ಲಾಸ್ಟಿಕ್ ಕುರ್ಚಿ ಬಿಟ್ಟರೆ ಏನೂ ಇಲ್ಲ. ಅತ್ತೆ ಮೊದಲು ಸೋಫಾ ತನ್ನಿ ಅಂತಾರೆ, ತಮ್ಮ ಫಾಲ್ಸ್ ಸೀಲಿಂಗ್ ಮಾಡಿಸಿ ಅಂತಾನೆ, ನಮ್ಮವರಿಗೆ ದೊಡ್ಡ ಟಿವಿ ಯೂನಿಟ್ ಬೇಕಂತೆ. ಮೊಬೈಲಿನಲ್ಲಿ ಫೋಟೋ ನೋಡಿ ನೋಡಿ ನನಗೆ ತಲೆ ಕೆಟ್ಟಿದೆ. ನಿಜವಾಗಿ ಎಲ್ಲಿಂದ ಶುರು ಮಾಡಬೇಕು?

ಸದ್ಯಕ್ಕೆ ಏನನ್ನೂ ತರಬೇಡಿ. ಸೋಫಾ, ಸೀಲಿಂಗ್, ಟಿವಿ ಯೂನಿಟ್ ಮೂರೂ ಕಾಯಲಿ. ಒಂದಷ್ಟು ವಾರ ಆ ಮನೆಯಲ್ಲಿ ಹಾಗೇ ಇದ್ದು ನೋಡಿ, ಖಾಲಿ ಹಾಲ್ ನೋಡಿ ನೆಂಟರು ಏನಾದರೂ ಅಂದರೆ ಅನ್ನಲಿ ಬಿಡಿ. ಹೊಸಬರು ದುಡ್ಡು ಕಳೆದುಕೊಳ್ಳುವುದು ಹೆಚ್ಚಾಗಿ ಮೊದಲ ತಿಂಗಳಲ್ಲೇ, ಮನೆ ಹೇಗಿದೆ ಅಂತ ಗೊತ್ತಾಗುವ ಮೊದಲೇ ಸಾಮಾನು ತಂದು.

ಈ ದಿನಗಳಲ್ಲಿ ಮೊದಲು ಬೆಳಕು ನೋಡಿ. ಬೆಳಿಗ್ಗೆ ಯಾವ ರೂಮಿಗೆ ಬಿಸಿಲು ಬರುತ್ತದೆ, ಮಧ್ಯಾಹ್ನ ಮೂರರ ಮೇಲೆ ಪಶ್ಚಿಮದ ಕಿಟಕಿಯ ಬಿಸಿಲು ನೆಲದ ಮೇಲೆ ಎಲ್ಲಿಯವರೆಗೆ ಬಂದು ನಿಲ್ಲುತ್ತದೆ, ಅಲ್ಲಿಗೆ ಒಂದು ಚಾಕ್ ಗೆರೆ ಎಳೆಯಿರಿ. ಆ ಗೆರೆಯ ಒಳಗೆ ಸೋಫಾ ಇಟ್ಟರೆ ಬಟ್ಟೆಯ ಬಣ್ಣ ಮಾಸುತ್ತದೆ, ಟಿವಿ ಇಟ್ಟರೆ ಪರದೆ ಮೇಲೆ ಕಿಟಕಿಯೇ ಕಾಣುತ್ತದೆ. ಹಗಲಲ್ಲೂ ಲೈಟ್ ಹಾಕಬೇಕಾದ ಮೂಲೆ ಯಾವುದು ಅಂತಲೂ ಗುರುತು ಮಾಡಿಕೊಳ್ಳಿ. ಮುಂದೆ ಬಣ್ಣ ಆರಿಸುವಾಗ ಇದೇ ಲೆಕ್ಕಕ್ಕೆ ಬರುವುದು.

ಆಮೇಲೆ ನೀರು. ಬೇರೆ ಊರಿನವರು ಬರೆದ ಸಲಹೆಗಳು ನಮ್ಮ ಕರಾವಳಿಯವರಿಗೆ ಅರ್ಧ ಮಾತ್ರ ಹೊಂದುವುದು ಇದೇ ಕಾರಣಕ್ಕೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಉಡುಪಿ ಕಡೆ ಇನ್ನೂ ಜಾಸ್ತಿ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಗಾಳಿ ಸಮುದ್ರದ ಕಡೆಯಿಂದ ಬೀಸುವುದರಿಂದ ಪಶ್ಚಿಮ ಮತ್ತು ನೈಋತ್ಯದ ಗೋಡೆಗೆ ಏಟು ಹೆಚ್ಚು. ಹೊಸ ಫ್ಲ್ಯಾಟ್ ಆದರೂ ಆ ಗೋಡೆಗಳನ್ನು ಒಮ್ಮೆ ಪರೀಕ್ಷೆ ಮಾಡಿ. ಒಂದೂವರೆ ಅಡಿ ಚದರದ ತೆಳು ಪ್ಲಾಸ್ಟಿಕ್ ಹಾಳೆ ತಗೊಂಡು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ತೆಗೆಯುವಾಗ ಹಾಳೆಯ ಒಳಮೈಯಲ್ಲಿ, ಅಂದರೆ ಗೋಡೆ ಕಡೆ, ಹನಿ ಕಟ್ಟಿದ್ದರೆ ತೇವ ಗೋಡೆಯೊಳಗಿಂದ ಬರುತ್ತಿದೆ. ಹೊರಮೈಯಲ್ಲಿ ಮಾತ್ರ ಹನಿ ಇದ್ದರೆ ಅದು ರೂಮಿನ ಗಾಳಿಯ ತೇವ, ಕಿಟಕಿ ತೆರೆದು ಫ್ಯಾನ್ ಹಾಕಿದರೆ ಎಷ್ಟೋ ಕಡಿಮೆಯಾಗುತ್ತದೆ. ಒಳಗಿಂದ ತೇವ ಬರುವ ಗೋಡೆಗೆ ಎಷ್ಟೇ ದುಬಾರಿ ಪೇಯಿಂಟ್ ಹೊಡೆದರೂ ಒಂದೇ ಮಳೆಗಾಲಕ್ಕೆ ಪುಟ್ಟಿ ಉಬ್ಬಿ, ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗಿ ಬೀಳುತ್ತದೆ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಬೇಕು: ಹೊರಗೋಡೆಯ ಬಿರುಕಾ, ಕಿಟಕಿ ಚೌಕಟ್ಟಿನ ಸಂದಾ, ಮೇಲಿನ ಮನೆಯ ಬಾತ್‌ರೂಮಾ. ಹೊಸ ಕಟ್ಟಡ ಆದ್ದರಿಂದ ಬಿಲ್ಡರಿಗೆ ಈಗಲೇ ಬರೆದು ಕೊಡಿ, ಫೋಟೋ ಸಮೇತ.

ಪೇಯಿಂಟ್ ಕೆಲಸ ಪತ್ತನಾಜೆ, ಅಂದರೆ ಮಳೆಗಾಲಕ್ಕೆ ಮೊದಲು ಮೇ ಕೊನೆಯ ಹೊತ್ತಿಗೆ ಬರುವ ತುಳುವರ ಗಡುವಿನ ದಿನ, ಕಳೆದ ಮೇಲೆ ಹಿಡಿಯಲೇಬೇಡಿ. ಮಳೆಯೆಲ್ಲ ನಿಂತು ಗೋಡೆ ಬಿಸಿಲು ಕಂಡ ಮೇಲೆ, ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗೆ ಒಳ್ಳೆಯ ಕಾಲ. ಹೊಸ ಸಾರಣೆ ಆದರೆ ಒಣಗಲು ಕನಿಷ್ಠ ಒಂದು ತಿಂಗಳು ಬೇಕು, ತೇವದ ದಿನಗಳಲ್ಲಿ ಅದಕ್ಕಿಂತ ಜಾಸ್ತಿ.

ಮೂರನೆಯದು, ಮನೆಯವರು ಎಲ್ಲಿ ಓಡಾಡುತ್ತಾರೆ, ಎಲ್ಲಿ ಏನು ಬಿಸಾಡುತ್ತಾರೆ ಅನ್ನುವುದು. ಬಾಗಿಲಿನಿಂದ ಒಳಗೆ ಬಂದ ಕೂಡಲೇ ಚಪ್ಪಲಿ ಎಲ್ಲಿ ಬೀಳುತ್ತದೆ? ಹೆಲ್ಮೆಟ್ ಎಲ್ಲಿ? ಮೊಬೈಲ್ ಚಾರ್ಜಿಗೆ ಎಲ್ಲಿ ಹಾಕುತ್ತೀರಿ? ಮಳೆಗಾಲದಲ್ಲಿ ಒದ್ದೆ ಕೊಡೆ ಎಲ್ಲಿ ಇಡುವುದು, ರೈನ್‌ಕೋಟಿನ ನೀರು ಎಲ್ಲಿ ಇಳಿಯಬೇಕು? ನೀವು ನೋಡುವ ಫೋಟೋಗಳಲ್ಲಿ ಇದು ಯಾವುದೂ ಇರುವುದಿಲ್ಲ. ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಾಲ್‌ನ ಫ್ಯಾನ್ ಕೆಳಗೆ ಒಣಗುವ ಬಟ್ಟೆಯಂತೂ ಯಾವ ಫೋಟೋದಲ್ಲೂ ಇಲ್ಲ. ಆದರೆ ನಮ್ಮ ಕಡೆಯ ಮನೆ ನಾಲ್ಕು ತಿಂಗಳು ಇದರ ಜೊತೆಗೇ ಬದುಕಬೇಕು ಅಲ್ವಾ? ಹಾಗಾಗಿ ನನ್ನ ಕೇಳಿದರೆ ನಿಮ್ಮ ಮನೆಯ ಮೊದಲ ಅಲಂಕಾರ ಬಾಗಿಲ ಹತ್ತಿರದ ಆ ಮೂರು ಅಡಿ ಜಾಗ. ಗಾಳಿಯಾಡುವ ಪಟ್ಟಿಗಳ ಚಪ್ಪಲಿ ಸ್ಟ್ಯಾಂಡ್ ಇರಲಿ. ಬಾಗಿಲು ಮುಚ್ಚುವ ಕಪಾಟು ಬೇಡ, ಒಳಗೆ ಬೂಸ್ಟು ಹಿಡಿದು ಇಡೀ ಹಾಲ್ ವಾಸನೆ ಬರುತ್ತದೆ. ಕೊಡೆಗೆ ಒಂದು ಎತ್ತರದ ಮಣ್ಣಿನ ಅಥವಾ ಹಿತ್ತಾಳೆಯ ಪಾತ್ರೆ, ಗೋಡೆಗೆ ನಾಲ್ಕೈದು ಗಟ್ಟಿ ಕೊಕ್ಕೆ, ಕೂತು ಚಪ್ಪಲಿ ಹಾಕಲು ಒಂದು ಸಣ್ಣ ಬೆಂಚು. ಇಷ್ಟು ಸರಿಯಾದರೆ ಮನೆಯ ಅರ್ಧ ಗಲೀಜು ಒಳಗೇ ಬರುವುದಿಲ್ಲ. ಬಟ್ಟೆ ಒಣಗಿಸಲು ಸೀಲಿಂಗಿನಿಂದ ಇಳಿಸಿ ಏರಿಸುವ ರಾಡ್ ಬಾಲ್ಕನಿಗೆ ಈಗಲೇ ಹಾಕಿಸಿಬಿಡಿ, ಕಾರಿಡಾರ್‌ನಲ್ಲಿ ಜಾಗ ಇದ್ದರೆ ಅಲ್ಲಿಗೂ ಒಂದು.

ಈಗ ಅಳತೆ. ಒಂದು ಟೇಪ್ ತಗೊಂಡು ಹಾಲ್‌ನ ಉದ್ದ ಅಗಲ, ಕಿಟಕಿ ನೆಲದಿಂದ ಎಷ್ಟು ಎತ್ತರ, ಸ್ವಿಚ್ ಬೋರ್ಡ್ ಎಲ್ಲಿದೆ, ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಅದು ಯಾವಾಗಲೂ ಪರ್ಸಿನಲ್ಲಿರಲಿ. ಮೂರು ಜನ ಕೂರುವ ಸೋಫಾ ಆರರಿಂದ ಏಳು ಅಡಿ ಉದ್ದ, ಸುಮಾರು ಮೂರು ಅಡಿ ಆಳ ಇರುತ್ತದೆ. ಹಳೆಯ ಪೇಪರ್ ಹಾಳೆಗಳನ್ನು ಅಷ್ಟು ಅಳತೆಗೆ ಅಂಟಿಸಿ ನೆಲದ ಮೇಲೆ ಹಾಸಿ, ಒಂದು ವಾರ ಅದರ ಸುತ್ತ ಓಡಾಡಿ. ನಡೆದಾಡುವ ದಾರಿಗೆ ಎರಡೂವರೆಯಿಂದ ಮೂರು ಅಡಿ ಬಿಡಬೇಕು, ಸೋಫಾಕ್ಕೂ ಟೀಪಾಯಿಗೂ ಒಂದೂವರೆ ಅಡಿ ಸಾಕು. ಅಂಗಡಿಯ ದೊಡ್ಡ ಹಾಲ್‌ನಲ್ಲಿ ಸಣ್ಣದಾಗಿ ಕಂಡ ಸೋಫಾ ಮನೆಗೆ ಬಂದಾಗ ಬಾಗಿಲನ್ನೇ ಮುಚ್ಚುವ ಹಾಗೆ ಕಾಣುತ್ತದೆ. ಲಿಫ್ಟಿನ ಮತ್ತು ಮೆಟ್ಟಿಲ ತಿರುವಿನ ಅಳತೆಯನ್ನೂ ಮರೆಯಬೇಡಿ.

ಕೆಲಸದ ಸರದಿ ಹೀಗಿರಲಿ. ನೀರು ಸೋರುವುದು ಮೊದಲು ನಿಲ್ಲಬೇಕು. ಅದಾದ ಮೇಲೆ ಕರೆಂಟಿನ ಪಾಯಿಂಟುಗಳು, ಯಾಕೆಂದರೆ ಗೋಡೆ ಕಡಿಯಬೇಕಾಗುತ್ತದೆ, ಪೇಯಿಂಟ್ ಆದ ಮೇಲೆ ಕಡಿದರೆ ಆ ತೇಪೆ ಕೊನೆಯವರೆಗೂ ಕಾಣುತ್ತದೆ. ನಂತರ ಪೇಯಿಂಟ್, ಲೈಟು. ಆಮೇಲೆ ದೊಡ್ಡ ಸಾಮಾನು, ಪರದೆ. ಗೋಡೆಯ ಚಿತ್ರ, ಕುಶನ್, ಹೂದಾನಿ ಎಲ್ಲ ತೀರಾ ಕೊನೆಗೆ, ಅದೂ ನಿಧಾನಕ್ಕೆ ಒಂದೊಂದೇ. ಇಡೀ ಮನೆಗೆ ಒಟ್ಟಿಗೆ ಕೈ ಹಾಕಬೇಡಿ, ಒಂದು ರೂಮ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಕೈಯಲ್ಲಿರುವ ದುಡ್ಡಿನ ಮೂರನೇ ಒಂದು ಪಾಲನ್ನು ಮೊದಲ ಮಳೆಗಾಲ ಕಳೆಯುವವರೆಗೆ ಮುಟ್ಟದೆ ಇಟ್ಟರೆ ಒಳ್ಳೆಯದು. ಮಳೆ ಏನೇನು ತೋರಿಸಿಕೊಡುತ್ತದೋ ಅದಕ್ಕೆ ಬೇಕಾಗುತ್ತದೆ.

ಮನೆಯವರ ಆಸೆಗಳ ಬಗ್ಗೆ ಎರಡು ಮಾತು. ಅತ್ತೆಯವರು ಹೇಳಿದ ಸೋಫಾ ಬರಲಿ, ಆದರೆ ರೆಕ್ಸಿನ್ ಬೇಡ. ನಮ್ಮ ಸೆಕೆಗೆ ಮೈಗೆ ಅಂಟುತ್ತದೆ, ಕೆಲವೇ ವರ್ಷದಲ್ಲಿ ಸಿಪ್ಪೆ ಏಳುತ್ತದೆ. ಚರ್ಮದ್ದಾದರೆ ಬೂಸ್ಟು. ಮರದ ಫ್ರೇಮು, ಕವರ್ ತೆಗೆದು ಒಗೆಯಬಹುದಾದ ಕುಶನ್ ಇರುವುದೇ ನಮಗೆ ಸರಿ. ಟಿವಿ ಯೂನಿಟ್ ಮಾಡಿಸುವುದಾದರೆ ಗೋಡೆಗೆ ತೂಗುಹಾಕಿ, ನೆಲದಿಂದ ಎಂಟು ಹತ್ತು ಇಂಚು ಮೇಲೆ. ನೆಲಕ್ಕೆ ತಾಗಿಸಿದ ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡು, ಅಂದರೆ ಮರದ ಪುಡಿ ಒತ್ತಿ ಮಾಡಿದ ಹಲಗೆ, ನೆಲ ಒರೆಸುವ ನೀರು ಕುಡಿದು ಊದಿಕೊಳ್ಳುತ್ತದೆ. ತಮ್ಮನ ಫಾಲ್ಸ್ ಸೀಲಿಂಗ್? ಮೇಲಿನ ಮನೆಯ ಬಾತ್‌ರೂಮ್ ಸೋರುವುದಿಲ್ಲ ಅಂತ ಒಂದು ಮಳೆಗಾಲ ನೋಡಿ ಖಾತ್ರಿಯಾದ ಮೇಲೆ ಯೋಚಿಸಿ, ಅದೂ ಹಾಲ್‌ಗೆ ಮಾತ್ರ.

ಉಡುಪಿ ಕುಂಜಿಬೆಟ್ಟಿನಿಂದ: ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಬಾಡಿಗೆ ಮನೆ. ಓನರ್ ಗೋಡೆಗೆ ಒಂದು ಮೊಳೆ ಹೊಡೆಯಲೂ ಬಿಡುವುದಿಲ್ಲ, ಪೇಯಿಂಟ್ ಬದಲಿಸುವ ಹಾಗೂ ಇಲ್ಲ. ಗೋಡೆ ಮಾಸಿದ ಹಳದಿ ಬಣ್ಣ. ಸಂಜೆ ಮನೆಗೆ ಬಂದರೆ ಆಸ್ಪತ್ರೆಗೆ ಬಂದ ಹಾಗೆ ಅನಿಸುತ್ತದೆ. ಜಾಸ್ತಿ ಖರ್ಚಿಲ್ಲದೆ ಏನು ಮಾಡಬಹುದು?

ಆಸ್ಪತ್ರೆಯ ಹಾಗೆ ಅನಿಸುವುದು ಗೋಡೆಯಿಂದಲ್ಲ, ಟ್ಯೂಬ್‌ಲೈಟಿನಿಂದ ಅಂತ ನನ್ನ ಅನುಮಾನ. ಎಲ್‌ಇಡಿ ಬಲ್ಬಿನ ಪೆಟ್ಟಿಗೆ ಮೇಲೆ ಕೆ ಅಕ್ಷರದ ಜೊತೆ ಒಂದು ಸಂಖ್ಯೆ ಇರುತ್ತದೆ, ನೋಡಿ. 6500 ಅಂದರೆ ನೀಲಿ ಕಡೆಗೆ ವಾಲುವ ಬಿಳಿ, ಹೆಚ್ಚಿನ ಮನೆಗಳಲ್ಲಿ ಇರುವುದು ಇದೇ. 4000 ಮಧ್ಯದ್ದು. 2700ರಿಂದ 3000 ಅಂದರೆ ಹಳೆಯ ಗುಂಡು ಬಲ್ಬಿನ ಹೊಂಬಣ್ಣ. ಅಡುಗೆಮನೆಗೆ 4000 ಇರಲಿ, ತರಕಾರಿ ಹೆಚ್ಚುವಾಗ ಬಣ್ಣ ಸರಿಯಾಗಿ ಕಾಣಬೇಕು. ಹಾಲ್ ಮತ್ತು ಬೆಡ್‌ರೂಮಿಗೆ 3000ದ್ದು ಹಾಕಿ. ಒಂದೇ ರೂಮಿನಲ್ಲಿ ಎರಡೂ ಬೆರೆಸಬೇಡಿ. ಮೇಲಿನ ಒಂದೇ ಲೈಟಿನ ಬದಲು ಎರಡು ಮೂರು ಕಡೆ ತಗ್ಗಿನಲ್ಲಿ ಬೆಳಕು ಇಡಿ. ಸೋಫಾದ ಪಕ್ಕ ನೆಲದ ಮೇಲೆ ನಿಲ್ಲುವ ಒಂದು ಲ್ಯಾಂಪ್, ಮೇಜಿನ ಮೇಲೆ ಒಂದು. ಮಾಸಿದ ಹಳದಿ ಗೋಡೆ ಈ ಬೆಳಕಿನಲ್ಲಿ ಬೇರೆಯೇ ಕಾಣುತ್ತದೆ. ಮನೆ ಬಿಡುವಾಗ ಬಲ್ಬೂ ಲ್ಯಾಂಪೂ ನಿಮ್ಮ ಜೊತೆಗೇ ಬರುತ್ತವೆ.

ಎರಡನೆಯದು ಪರದೆ. ಪರದೆಯ ರಾಡ್ ಮೊದಲೇ ಇದ್ದರೆ ಸರಿ, ಇಲ್ಲದಿದ್ದರೆ ಕಿಟಕಿ ಚೌಕಟ್ಟಿನ ಒಳಗೆ ಸ್ಪ್ರಿಂಗ್ ಒತ್ತಡದಲ್ಲಿ ನಿಲ್ಲುವ ರಾಡ್ ಸಿಗುತ್ತದೆ, ಅದಕ್ಕೆ ಮೊಳೆಯೇ ಬೇಡ. ದಪ್ಪ ಪರದೆ ನಮ್ಮ ಕಡೆಗೆ ಆಗುವುದಿಲ್ಲ. ಒಗೆದರೆ ಮಳೆಗಾಲದಲ್ಲಿ ಮೂರು ದಿನ ಒಣಗುವುದಿಲ್ಲ, ಗಾಳಿಯನ್ನೂ ತಡೆಯುತ್ತದೆ. ತೆಳು ಹತ್ತಿ ಬಟ್ಟೆ ಸಾಕು. ಅಜ್ಜಿಯದ್ದೋ ಅಮ್ಮನದ್ದೋ ಹಳೆಯ ಕೈಮಗ್ಗದ ಉಡುಪಿ ಸೀರೆ ಮನೆಯಲ್ಲಿದ್ದರೆ ಅದಕ್ಕಿಂತ ಒಳ್ಳೆಯ ಪರದೆ ಅಂಗಡಿಯಲ್ಲಿ ಸಿಗಲಾರದು. ಚೌಕುಳಿಯ ಮೂಲಕ ಬೆಳಗಿನ ಬೆಳಕು ಬರುವುದು ನೋಡಲಿಕ್ಕೇ ಚಂದ, ಸೆರಗಿನ ಅಂಚನ್ನು ಕೆಳಗೆ ಬರುವ ಹಾಗೆ ಹೊಲಿಸಿ. ಹೊಸತು ಬೇಕಿದ್ದರೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರು ಇವತ್ತಿಗೂ ನೇಯುತ್ತಿದ್ದಾರೆ. ಹೊಸ ಸೀರೆ ಕತ್ತರಿಸಲು ಮಾತ್ರ ನನಗೆ ಮನಸ್ಸು ಬರುವುದಿಲ್ಲ, ಅದನ್ನು ಉಡಿ.

ನೆಲಕ್ಕೆ ಕಾರ್ಪೆಟ್ ಬದಲು ಮುಂಡುಗದ ಎಲೆಯಲ್ಲಿ ಹೆಣೆದ ಚಾಪೆ. ತೇವ ಹಿಡಿದರೆ ಬಿಸಿಲಿಗೆ ಹಾಕಿದರಾಯ್ತು. ಚಿತ್ರಗಳನ್ನು ಗೋಡೆಗೆ ತೂಗಬೇಕೆಂದೇನೂ ಇಲ್ಲ, ಕಪಾಟಿನ ಮೇಲೆ ಒರಗಿಸಿ ಇಡಬಹುದು. ಗೋಡೆಗೆ ಅಂಟಿಸುವ ಕೊಕ್ಕೆಗಳನ್ನು ನಾನು ಹೇಳುವುದಿಲ್ಲ. ತೇವಕ್ಕೆ ಅಂಟು ಬಿಟ್ಟು ಚಿತ್ರ ಕೆಳಗೆ ಬೀಳುತ್ತದೆ, ಕೀಳುವಾಗ ಪೇಯಿಂಟೂ ಜೊತೆಗೆ ಬರುತ್ತದೆ, ಆಮೇಲೆ ಅಡ್ವಾನ್ಸ್ ದುಡ್ಡಿಗೆ ಜಗಳ.

ಬಾರ್ಕೂರು ಹತ್ತಿರದಿಂದ ಹಿರಿಯರೊಬ್ಬರು: ನಮ್ಮದು ಹಂಚಿನ ಮನೆ. ತಂದೆಯವರು ಕಟ್ಟಿಸಿದ್ದು. ಕಾವಿ ನೆಲ, ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆ, ಉಪ್ಪರಿಗೆ ಇದೆ. ಮಗ ಬೆಂಗಳೂರಿನಲ್ಲಿದ್ದಾನೆ. ನೆಲಕ್ಕೆಲ್ಲ ಟೈಲ್ಸ್ ಹಾಕಿಸಿ, ಹಂಚು ಕಾಣದ ಹಾಗೆ ಸೀಲಿಂಗ್ ಮಾಡಿಸೋಣ, ಮನೆ ಹೊಸತರ ಹಾಗೆ ಆಗುತ್ತದೆ ಅನ್ನುತ್ತಾನೆ. ನನಗೆ ಮನಸ್ಸಿಲ್ಲ, ಆದರೆ ಬೇಡ ಅನ್ನಲು ಕಾರಣವೂ ಹೊಳೆಯುವುದಿಲ್ಲ. ನೀವೇನು ಹೇಳುತ್ತೀರಿ?

ನಿಮ್ಮ ಪತ್ರ ಓದಿ ಮೊದಲು ನನಗೆ ಹೆದರಿಕೆಯೇ ಆಯಿತು. ದಯವಿಟ್ಟು ಕೆಲಸ ಶುರು ಮಾಡಿಸಬೇಡಿ. ಮನಸ್ಸಿಲ್ಲ ಅನ್ನುವುದೇ ದೊಡ್ಡ ಕಾರಣ. ಆದರೂ ಮಗನಿಗೆ ಹೇಳಲು ಬೇರೆ ಕಾರಣಗಳೂ ಇವೆ, ಅವನ್ನು ಬರೆಯುತ್ತೇನೆ.

ನೆಲದ್ದು ಮೊದಲು. ಕಾವಿ ನೆಲದ ಮೇಲೆ ಟೈಲ್ಸ್ ಹಾಕಿದರೆ ಮತ್ತೆ ಹಿಂದಕ್ಕೆ ಬರಲು ದಾರಿ ಇಲ್ಲ, ಟೈಲ್ಸ್ ಕೀಳುವಾಗ ಕೆಳಗಿನ ನೆಲವೂ ಎದ್ದು ಬರುತ್ತದೆ. ನೆಲ ಒಂದೆರಡು ಇಂಚು ಏರುತ್ತದೆ, ಆಗ ಪ್ರತಿ ಬಾಗಿಲಿನ ಬುಡ ಕೊಯ್ಯಬೇಕು, ಹೊಸಿಲು ತಗ್ಗಾಗಿ ಕಾಣುತ್ತದೆ, ಜಗಲಿಯ ಮೆಟ್ಟಿಲಿನ ಅಳತೆ ತಪ್ಪುತ್ತದೆ. ನಯವಾದ ಟೈಲ್ಸ್ ಮೇಲೆ ಮಳೆಗಾಲದಲ್ಲಿ ಒದ್ದೆ ಕಾಲು ಇಟ್ಟರೆ ಜಾರುತ್ತದೆ. ನಿಮ್ಮ ವಯಸ್ಸಿಗೆ ಅದೊಂದೇ ಸಾಕು ಬೇಡ ಅನ್ನಲು. ಈಗಿರುವ ನೆಲ ಮಾಸಿದ್ದರೆ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ತೆಂಗಿನೆಣ್ಣೆ ಅದ್ದಿದ ಹಳೆಯ ಹತ್ತಿ ಬಟ್ಟೆಯಲ್ಲಿ ತೆಳುವಾಗಿ ಉಜ್ಜಿಸಿ. ಎಣ್ಣೆ ಮೇಲೆ ನಿಲ್ಲಬಾರದು, ಹೆಚ್ಚಾದದ್ದನ್ನು ಒಣಬಟ್ಟೆಯಲ್ಲಿ ಒರೆಸಿ ತೆಗೆಯಬೇಕು. ಹೀಗೆ ಆಗಾಗ ಮಾಡಿದರೆ ಮಂಕಾದ ಕೆಂಪು ನಿಧಾನಕ್ಕೆ ಹೊಳಪಿಗೆ ಬರುತ್ತದೆ. ಬಿರುಕು ಇದ್ದರೆ ಮೇಸ್ತ್ರಿಯಿಂದ ಕೆಂಪು ಆಕ್ಸೈಡ್ ಸಿಮೆಂಟಿನಲ್ಲಿ ತುಂಬಿಸಿ. ಬಣ್ಣ ಪೂರ್ತಿ ಹೊಂದುವುದಿಲ್ಲ, ಗೆರೆ ಕಾಣುತ್ತದೆ. ಹಳೆಯ ನೆಲದಲ್ಲಿ ಒಂದು ಗೆರೆ ಕಂಡರೆ ನಷ್ಟವೇನಿಲ್ಲ.

ಹಂಚಿನ ಮಾಡು ಇನ್ನೂ ಮುಖ್ಯ. ಹಂಚಿನ ಸಂದುಗಳಿಂದಲೇ ಮನೆಯ ಬಿಸಿಗಾಳಿ ಮೇಲೆ ಹೋಗುವುದು. ಕೆಳಗೆ ಸೀಲಿಂಗ್ ಹಾಕಿ ಮುಚ್ಚಿದರೆ ಮೇಲೆ ಕಾದ ಗಾಳಿ ಅಲ್ಲೇ ನಿಲ್ಲುತ್ತದೆ, ಇಲಿ ಹೆಗ್ಗಣಕ್ಕೆ ಒಳ್ಳೆಯ ಜಾಗವಾಗುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು, ಒಂದು ಹಂಚು ಒಡೆದು ಸೋರಿದರೆ ನಿಮಗೆ ಗೊತ್ತೇ ಆಗುವುದಿಲ್ಲ. ಹಂಚು ಹೊರುವ ಮರದ ಪಕಾಸು, ರೀಪು ಕುಂಬಾಗಿ ಗೆದ್ದಲು ಹತ್ತಿದ ಮೇಲೆಯೇ ತಿಳಿಯುವುದು. ಈಗ ತಲೆ ಎತ್ತಿ ನೋಡಿದರೆ ಸಾಕು, ಎಲ್ಲಿ ಬೆಳಕು ಕಾಣುತ್ತದೋ ಅಲ್ಲಿ ಹಂಚು ಸರಿದಿದೆ. 1865ರಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹಂಚು ನಮ್ಮ ಇಡೀ ಕರಾವಳಿಗೆ ಹಬ್ಬಿತು, ಹಡಗು ಹತ್ತಿ ಹೊರದೇಶಕ್ಕೂ ಹೋಯಿತು. ಇಷ್ಟು ವರ್ಷ ಈ ಮಳೆಯಲ್ಲಿ ನಿಂತದ್ದಕ್ಕೆ ಕಾರಣ ಅದು ಗಾಳಿಯಾಡುತ್ತದೆ, ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು.

ಮಗನಿಗೆ ಬೇಕಾದದ್ದು ಬೆಳಕಿನ, ಚೊಕ್ಕದ ಮನೆ ಇರಬಹುದು. ಅದನ್ನು ಬೇರೆ ರೀತಿಯಲ್ಲಿ ಕೊಡಬಹುದು. ಕತ್ತಲೆ ಇರುವ ಚಾವಡಿಯ ಮೇಲೆ ನಾಲ್ಕು ಹಂಚು ತೆಗೆದು ಅದೇ ಅಳತೆಯ ಗಾಜಿನ ಹಂಚು ಹಾಕಿಸಿ, ಹಗಲಿಡೀ ಲೈಟ್ ಬೇಡ. ಹಳೆಯ ವಯರಿಂಗ್ ತೆಗೆಸಿ ಹೊಸತು ಮಾಡಿಸಿ, ದುಡ್ಡು ಖರ್ಚು ಮಾಡಬೇಕಾದ ನಿಜವಾದ ಜಾಗ ಅದು. ಬಾತ್‌ರೂಮು, ಅಡುಗೆಮನೆ ಅವನ ಇಷ್ಟದ ಹಾಗೆ ಹೊಸದಾಗಿ ಮಾಡಿಸಲಿ, ಅಲ್ಲಿ ಒರಟು ಮೈಯ ಟೈಲ್ಸ್ ಇರಲಿ. ಸುಣ್ಣದ ಸಾರಣೆಯ ಗೋಡೆಗೆ ಪ್ಲಾಸ್ಟಿಕ್‌ನಂಥ ಪೇಯಿಂಟ್ ಹೊಡೆಯಬೇಡಿ, ಮುರಕಲ್ಲು ಕುಡಿದ ನೀರು ಹೊರಗೆ ಹೋಗಲು ದಾರಿ ಇಲ್ಲದೆ ಸಾರಣೆಯನ್ನೇ ದೂಡುತ್ತದೆ. ಸುಣ್ಣವೇ ಸಾಕು. ಸಾಧ್ಯವಾದರೆ ಮಗ ಊರಿಗೆ ಬಂದಾಗ ಇಬ್ಬರೂ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ನೋಡಿ ಬನ್ನಿ. ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದ್ದಾರೆ. ನಿಮ್ಮ ಮನೆಯಲ್ಲಿ ಏನಿದೆ ಅಂತ ಮಗನಿಗೆ ಅಲ್ಲಿ ಕಂಡೀತು.

ಮಲ್ಪೆಯಿಂದ: ಸಮುದ್ರ ಕೂಗಳತೆ ದೂರದಲ್ಲಿದೆ. ತಂದ ಕಬ್ಬಿಣದ ಕುರ್ಚಿ, ಬಾಗಿಲ ಚಿಲಕ ಎಲ್ಲ ವರ್ಷದೊಳಗೆ ತುಕ್ಕು. ಯಾವ ಸಾಮಾನು ತರುವುದು?

ಗಾಳಿಯಲ್ಲಿ ಉಪ್ಪಿದೆ, ಅದಕ್ಕೆ ತುಕ್ಕು. ಕಬ್ಬಿಣ ಬಿಟ್ಟುಬಿಡಿ. ಸ್ಟೀಲ್ ಅಂದರೆ ಎಲ್ಲ ಒಂದೇ ಅಲ್ಲ. ಸಾಮಾನ್ಯವಾಗಿ ಸಿಗುವ 304 ದರ್ಜೆಯದ್ದಕ್ಕೂ ಸಮುದ್ರದ ಹತ್ತಿರ ಕಂದು ಚುಕ್ಕೆ ಬರುತ್ತದೆ, 316 ಅಂತ ಕೇಳಿ ತಗೊಳ್ಳಿ. ದುಬಾರಿ, ಹಾಗಾಗಿ ಹೊರಗಿನ ಬಾಗಿಲು ಕಿಟಕಿಗೆ ಮಾತ್ರ ಸಾಕು. ಚಿಲಕ, ಹಿಡಿಕೆಗೆ ಹಿತ್ತಾಳೆ ಒಳ್ಳೆಯದು, ಕಪ್ಪಾದರೆ ಹುಣಸೆಹುಳಿಯಲ್ಲಿ ತಿಕ್ಕಿದರಾಯ್ತು. ಕುರ್ಚಿ ಮೇಜಿಗೆ ಮರ. ಹಲಸಿನ ಮರ ನಮ್ಮಲ್ಲೇ ಸಿಗುತ್ತದೆ, ಹಳೆಯದಾದಷ್ಟೂ ಬಣ್ಣ ಗಾಢವಾಗುತ್ತದೆ. ಕಪಾಟಿಗೆ ಪ್ಲೈವುಡ್ ಆದರೆ ಹಾಳೆಯ ಮೇಲೆ ಐಎಸ್ 710 ಎಂಬ ಗುರುತು ನೋಡಿ, ಅದು ನೀರು ತಾಳುವ ಪ್ಲೈವುಡ್ಡಿನದ್ದು. ಎಂಆರ್ ಅಂತ ಬರೆದದ್ದು ತೇವವನ್ನು ಸ್ವಲ್ಪ ತಾಳುತ್ತದೆ ಅಷ್ಟೇ, ನೀರನ್ನಲ್ಲ. ಕಪಾಟನ್ನು ಗೋಡೆಗೆ ಒತ್ತಿ ಇಡಬೇಡಿ, ಎರಡು ಇಂಚು ಬಿಡಿ.

ಬಿಜೈಯಿಂದ: ಹಾಲ್‌ನ ಒಂದು ಗೋಡೆಗೆ ವಾಲ್‌ಪೇಪರ್ ಹಾಕಿಸಬಹುದಾ? ಹೊರಗಿನ ಗೋಡೆ ಅದು.

ಬೇಡ. ಹೊರಗಿನ ಗೋಡೆಗಂತೂ ಬೇಡವೇ ಬೇಡ, ಹಿಂದೆ ಬೂಸ್ಟು ಬೆಳೆಯುವುದು ನಿಮಗೆ ಕಾಣುವುದೂ ಇಲ್ಲ. ಆಸೆ ಇದ್ದರೆ ಎರಡು ರೂಮಿನ ನಡುವಿನ ಒಳಗೋಡೆಗೆ ಹಾಕಿಸಿ, ಅದರ ಆಚೆ ಬಾತ್‌ರೂಮ್ ಇರಬಾರದು.

ಸುರತ್ಕಲ್‌ನಿಂದ: ನನಗೆ ಕಡು ಹಸಿರು ಗೋಡೆ ಇಷ್ಟ, ಇವರಿಗೆ ಬಿಳಿ. ಜೊತೆಗೆ ಹಾಲ್‌ನಲ್ಲಿ ಅತ್ತೆಯವರ ದೊಡ್ಡ ಶೋಕೇಸ್ ಇದೆ, ಮಕ್ಕಳು ಗೆದ್ದ ಕಪ್‌ಗಳು, ಗಲ್ಫಿನಿಂದ ತಂದ ಗಾಜಿನ ಸಾಮಾನು, ಮದುವೆಯ ಉಡುಗೊರೆ ಎಲ್ಲ ತುಂಬಿದೆ. ಎಷ್ಟು ಬಣ್ಣ ಬಳಿದರೂ ಹಾಲ್ ಚಂದ ಕಾಣುವುದಿಲ್ಲ. ಅತ್ತೆಯವರಿಗೆ ಬೇಜಾರಾಗದ ಹಾಗೆ ಏನು ಮಾಡಲಿ?

ಬಣ್ಣದ ಜಗಳ ಬೇಗ ಮುಗಿಸೋಣ. ಎರಡೂ ಬಣ್ಣದ ಚಿಕ್ಕ ಡಬ್ಬಿ ತನ್ನಿ, ಎರಡು ಅಡಿ ಚದರದ ರಟ್ಟಿಗೆ ಬಳಿದು ಹಾಲ್‌ನ ಬೇರೆ ಬೇರೆ ಗೋಡೆಗೆ ಒರಗಿಸಿ ಬೆಳಿಗ್ಗೆ, ಸಂಜೆ, ರಾತ್ರಿ ಲೈಟಿನಲ್ಲಿ ನೋಡಿ. ಅಂಗಡಿಯ ಬಣ್ಣದ ಚೀಟಿ ನೋಡಿ ತೀರ್ಮಾನ ಮಾಡಬೇಡಿ. ಬೆಳಕು ಕಡಿಮೆ ಇರುವ ಹಾಲ್ ಆದರೆ ನಿಮ್ಮವರ ಬಿಳಿಯೇ ಸರಿ, ಆದರೆ ಅಪ್ಪಟ ಬಿಳಿ ಬೇಡ, ಸ್ವಲ್ಪ ಕೆನೆ ಬೆರೆತದ್ದು. ಕಡು ಹಸಿರು ಬೆಡ್‌ರೂಮಿನಲ್ಲಿ ಮಂಚದ ಹಿಂದಿನ ಗೋಡೆಗೆ ಇರಲಿ. ಅಲ್ಲಿ ಅದು ನಿಜಕ್ಕೂ ಚಂದ.

ಶೋಕೇಸ್ ಮಾತ್ರ ಆತುರದ ಕೆಲಸ ಅಲ್ಲ. ಅದು ಅತ್ತೆಯವರ ಕಣ್ಣಿಗೆ ಸಾಮಾನಲ್ಲ, ಯಾರು ಯಾವಾಗ ಕೊಟ್ಟರು ಅನ್ನುವುದೆಲ್ಲ ಅವರಿಗೆ ನೆನಪಿರುತ್ತದೆ. ಅವರು ಇಲ್ಲದಾಗ ಖಾಲಿ ಮಾಡಬೇಡಿ. ಅವರನ್ನೇ ಕೂರಿಸಿಕೊಂಡು ಒಂದು ಮಧ್ಯಾಹ್ನ ಎಲ್ಲವನ್ನೂ ಕೆಳಗಿಳಿಸಿ, ಒರೆಸಿ, ನಿಮಗೆ ತುಂಬಾ ಬೇಕಾದದ್ದು ಯಾವುದು ಅತ್ತೆ ಅಂತ ಕೇಳಿ. ಅವರು ಆರಿಸಿದ್ದನ್ನು ಮೊದಲು ಒಳಗಿಡಿ, ಪ್ರತಿ ಅಂತಸ್ತಿನಲ್ಲಿ ಅರ್ಧ ಜಾಗ ಖಾಲಿ ಬಿಟ್ಟು. ಎತ್ತರದ್ದು ಹಿಂದೆ, ಗಿಡ್ಡದ್ದು ಮುಂದೆ, ಗಾಜಿನದ್ದೆಲ್ಲ ಒಂದೇ ಅಂತಸ್ತಿನಲ್ಲಿ. ಉಳಿದದ್ದನ್ನು ಪೇಪರ್ ಸುತ್ತಿ ಡಬ್ಬಿಯಲ್ಲಿ ಹಾಕಿ, ಮೇಲೆ ಪಟ್ಟಿ ಬರೆದು ಅಟ್ಟಕ್ಕೆ ಏರಿಸಿ. ಬಿಸಾಡುವ ಮಾತೇ ಬೇಡ. ದೀಪಾವಳಿಗೊಮ್ಮೆ ಅಥವಾ ಹಬ್ಬಕ್ಕೊಮ್ಮೆ ಅವರೇ ಬದಲಿಸಲಿ. ಮಕ್ಕಳ ಕಪ್‌ಗಳನ್ನು ಮಕ್ಕಳ ರೂಮಿಗೆ ಕಳಿಸಿ, ಅದಕ್ಕೆ ಅಲ್ಲೇ ಬೆಲೆ ಜಾಸ್ತಿ. ಶೋಕೇಸಿನ ಒಳಗೆ 3000ದ ಒಂದು ಸಣ್ಣ ಲೈಟ್ ಪಟ್ಟಿ ಹಾಕಿಸಿ, ಗಲ್ಫಿನ ಗಾಜು ಆಗ ನಿಜಕ್ಕೂ ಹೊಳೆಯುತ್ತದೆ.

ಇಷ್ಟಾದ ಮೇಲೆ ಹಾಲ್‌ನ ಉಳಿದ ಗೋಡೆಗಳಲ್ಲಿ ಒಂದನ್ನಾದರೂ ಪೂರ್ತಿ ಖಾಲಿ ಬಿಡಿ. ಇನ್ನೊಂದಕ್ಕೆ ಒಂದೇ ದೊಡ್ಡ ಚಿತ್ರ ಸಾಕು, ಅದರ ನಡುಭಾಗ ನೆಲದಿಂದ ಐದು ಅಡಿಗಿಂತ ಸ್ವಲ್ಪ ಕೆಳಗೆ ಬರಲಿ. ನಮ್ಮಲ್ಲಿ ಹೆಚ್ಚಿನವರು ಚಿತ್ರವನ್ನು ಬಾಗಿಲ ದಾರಂದದ ಮೇಲೆ ತೂಗುತ್ತಾರೆ, ನೋಡಲು ಕತ್ತು ಎತ್ತಬೇಕು. ಕೆಳಗಿಳಿಸಿ ನೋಡಿ, ಅದೇ ಚಿತ್ರ ಬೇರೆ ಥರ ಕಾಣುತ್ತದೆ. ಮಳೆಗಾಲದಲ್ಲಿ ಹಿಂದೆ ಗಾಳಿಯಾಡಲು ಫ್ರೇಮಿನ ಕೆಳಗಿನ ಎರಡು ಮೂಲೆಗೆ ಬಾಟಲಿಯ ಕಾರ್ಕಿನ ತುಂಡು ಅಂಟಿಸಿ.